ಕನ್ನಡಿ ಹೊಳಪಿನ ಬೆಳ್ಳಿ ರೂಪಾಯಿ

ಅಣ್ಣ ಆ ಭಾನುವಾರ ನನ್ನನ್ನು ಬಿಟಿಎಂ ಲೇಔಟಿಗೆ ಕರೆದುಕೊಂಡು ಹೋಗಿದ್ದು ಒಂದು ಹೂಂ ಅನ್ನಿಸಲು. ಅಪ್ಪ ಬಿಟ್ಟುಹೋದ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯನ್ನು ಅಲ್ಲಿನ ಒಬ್ಬ ಹಿರಿಯರಿಗೆ ಕೊಟ್ಟು, ಅವರ ಹತ್ತಿರವಿದ್ದ ಆನೆ ಕಾಸುಗಳನ್ನು ತೆಗೆದುಕೊಳ್ಳುವುದೆಂದು ಇಬ್ಬರಲ್ಲೂ ಮಾತಾಗಿತ್ತು. ಆನೆ ಕಾಸೆಂದರೆ ಮೈಸೂರು ಅರಸರ ಕಾಲದ, ಒಂದು ಮಗ್ಗುಲಲ್ಲಿ ಆನೆಯ ಚಿತ್ರವಿರುವ ಪುಟ್ಟ ತಾಮ್ರದ ನಾಣ್ಯ. ಅಣ್ಣನಿಗೆ ಅದರ ಹುಚ್ಚು, ಆ ಹಿರಿಯರಿಗೆ ನಮ್ಮ ರೂಪಾಯಿಯ ಹುಚ್ಚು. ಆದರೆ ರೂಪಾಯಿ ಅಪ್ಪನದು, ಮಗಳ ಒಪ್ಪಿಗೆಯೂ ಬೇಕು ಎಂದು ಅವರೇ ಹೇಳಿದ್ದರಂತೆ. ಹಾಗಾಗಿ ನಾನು ಹೊರಟೆ.

"ನೀನು ಏನೂ ಮಾತಾಡ್ಬೇಕಾಗಿಲ್ಲ. ಒಂದ್ಸಲ ನೋಡಿ ಹೂಂ ಅನ್ನು, ಸಾಕು," ಎಂದು ಅಣ್ಣ ಕಾರಿನಲ್ಲಿ ಹೇಳಿದ್ದ.

ನಮ್ಮದು ಜರಗನಹಳ್ಳಿಯ ಒಕ್ಕಲು ಮನೆ. ಅಪ್ಪನ ಕಾಲಕ್ಕೇ ಹೊಲವೆಲ್ಲ ಸೈಟುಗಳಾಗಿದ್ದವು. ಈಗ ಅಣ್ಣ ಬಾಡಿಗೆ ಮನೆಗಳನ್ನು ನೋಡಿಕೊಂಡು ಕನಕಪುರ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಮದುವೆಯಾದ ಮೇಲೆ ಜೆ.ಪಿ. ನಗರದಲ್ಲಿದ್ದೇನೆ. ಇಬ್ಬರಿಗೂ ನಾಣ್ಯದ ಗೀಳು ಹತ್ತಿಸಿದವರು ಅಪ್ಪ. ಅವರ ಸಂಗ್ರಹವೇನೂ ದೊಡ್ಡದಲ್ಲ. ಅದರಲ್ಲಿ ಕಿರೀಟವಿಟ್ಟ ರಾಜನ ತಲೆಯಿದ್ದ ಆ ರೂಪಾಯಿ ಒಂದಕ್ಕೇ ಪ್ರತ್ಯೇಕ ಮರ್ಯಾದೆ. ನಮ್ಮ ತಾತ ದಂಡಿನ ಕಡೆಯ ಇಂಗ್ಲಿಷರ ಬಂಗಲೆಗಳಿಗೆ ತರಕಾರಿ ಹಾಕುತ್ತಿದ್ದರು. ತನ್ನ ದೇಶಕ್ಕೆ ಹಿಂತಿರುಗುತ್ತಿದ್ದ ಒಬ್ಬ ದೊರೆ ಅದನ್ನು ಮೆತ್ತನೆ ಕಾಗದದಲ್ಲಿ ಸುತ್ತಿ ಕೊಟ್ಟು, ಇದು ಜನ ಬಳಸುವ ರೂಪಾಯಿಯಲ್ಲ, ಬೇರೆಯಾಗಿ ಅಚ್ಚು ಹಾಕಿಸಿದ್ದು ಎಂದನಂತೆ. ತಾತ ಅಪ್ಪನಿಗೆ ಹೇಳಿದರು, ಅಪ್ಪ ನಮಗೆ ಹೇಳಿದರು. ಅದರ ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ವರಮಹಾಲಕ್ಷ್ಮಿ ಹಬ್ಬದ ದಿನ ಕಳಶದ ಮುಂದೆ ಬೆಳ್ಳಿ ತಟ್ಟೆಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೇ ಇಡುತ್ತಿದ್ದರು. ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ. ನಾವು ದೊಡ್ಡವರಾದ ಮೇಲೆ ನಾಣ್ಯದ ಗೆಳೆಯರ ಬಾಯಲ್ಲಿ ಪ್ರೂಫ್ ಎಂಬ ಮಾತು ಕೇಳಿ, ಓಹೋ ನಮ್ಮದು ಅದೇ ಎಂದುಕೊಂಡೆವು.

ಪ್ರೂಫ್ ಎಂದರೆ ಚೆನ್ನಾಗಿ ಉಳಿದಿರುವ ನಾಣ್ಯ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಅದು ನಾಣ್ಯವನ್ನು ಮಾಡುವ ಬಗೆ. ಟಂಕಸಾಲೆಯಲ್ಲಿ ಬಿಲ್ಲೆಯನ್ನೂ ಅಚ್ಚನ್ನೂ ಕನ್ನಡಿಯಾಗುವವರೆಗೆ ಉಜ್ಜಿ, ನಿಧಾನವಾಗಿ, ಒಂದಕ್ಕಿಂತ ಹೆಚ್ಚು ಸಲ ಒತ್ತಿ, ಕೈಯಿಂದ ಎತ್ತಿ ಬೇರೆ ಇಡುತ್ತಾರೆ. ಆದರೆ ದಿನಬಳಕೆಯ ರೂಪಾಯಿಗೆ ಹಾಕುವ ಅಚ್ಚು ಕೂಡ ಹೊಸತಿದ್ದಾಗ, ಇಲ್ಲವೇ ಮತ್ತೆ ಉಜ್ಜಿದ ಹೊಸತರಲ್ಲಿ ನುಣುಪಾಗಿರುತ್ತದೆ. ಅದರಿಂದ ಮೊದಮೊದಲು ಬಿದ್ದ ಒಂದಷ್ಟು ರೂಪಾಯಿಗಳೂ ಕನ್ನಡಿಯ ಹಾಗೇ ಹೊಳೆಯುತ್ತವೆ. ಅವು ಪ್ರೂಫ್ ಅಲ್ಲ. ಯಂತ್ರದಿಂದ ರಾಶಿಗೆ ಬಿದ್ದು, ಚೀಲ ಸೇರಿ ಊರಿಗೆ ಹೊರಟವು. ಎರಡನ್ನೂ ಬೇರ್ಪಡಿಸುವುದು ಎಷ್ಟೋ ಸಲ ಅನುಭವಸ್ಥರಿಗೂ ಕಷ್ಟ.

ಬಿಟಿಎಂನ ಹಿರಿಯರು ಅಂಥ ಅನುಭವಸ್ಥರು. ನಿವೃತ್ತ ಇಂಜಿನಿಯರು, ಸುದ್ದಗುಂಟೆಪಾಳ್ಯದ ಕಡೆಗೆ ಅವರ ಮನೆ. ನಾನು ನಾಣ್ಯ ನೋಡಲು ಕಲಿಯುತ್ತಿದ್ದ ಹೊಸತರಲ್ಲಿ ಅವರು ತಮ್ಮದೇ ಒಂದು ಪ್ರೂಫ್ ರೂಪಾಯಿಯನ್ನು ನಾಣ್ಯದ ಗೆಳೆಯರ ಸಭೆಯೊಂದರಲ್ಲಿ ತೋರಿಸಿ, ಪ್ರೂಫ್ ಅಂದರೆ ಹೀಗಿರಬೇಕು ಎಂದು ನಮಗೆಲ್ಲ ವಿವರಿಸಿದ್ದರು. ದೂರದಿಂದ, ಡಬ್ಬಿಯೊಳಗಿದ್ದದ್ದನ್ನು ನೋಡಿದ ನೆನಪು.

ಆ ಮಧ್ಯಾಹ್ನ ಅವರ ಹೆಂಡತಿ ಕಾಫಿ ಕೊಟ್ಟು ಪಕ್ಕದಲ್ಲೇ ಕೂತರು. ಅಣ್ಣ ಕವರಿನಿಂದ ರೂಪಾಯಿ ತೆಗೆದು ಕಪ್ಪು ಬಟ್ಟೆಯ ಮೇಲಿಟ್ಟ. ಹಿರಿಯರು ಹಳೇ ಕಾಲದ ಬಲ್ಬಿನ ಟೇಬಲ್ ಲ್ಯಾಂಪು ಹಚ್ಚಿ, ಅಂಚು ಹಿಡಿದು ಎತ್ತಿ, ಓರೆಮಾಡಿ ನೋಡಿದರು. ಅವರ ಮುಖ ಅರಳಿತು. ತಾವು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿದೆ, ಅನುಮಾನವೇ ಬೇಡ ಎಂದರು. ಅಣ್ಣ ಹೆಮ್ಮೆಯಿಂದ ನನ್ನ ಕಡೆ ನೋಡಿದ. ಹಿರಿಯರು ಭೂತಗನ್ನಡಿಯನ್ನು ನನ್ನ ಮುಂದೆ ಸರಿಸಿ, "ನೋಡಮ್ಮ, ಕೊನೇ ಸಲ ಕಣ್ತುಂಬಾ ನೋಡ್ಕೊಂಬಿಡಿ," ಎಂದರು.

ಕವರಿನ ಹೊರಗೆ ನಾನು ಅದನ್ನು ಕಂಡಿದ್ದು, ಕೈಗೆತ್ತಿಕೊಂಡಿದ್ದು ಅದೇ ಮೊದಲು. ಹೊಳಪು ಚೆನ್ನಾಗೇ ಇತ್ತು. ಆದರೆ ನನ್ನ ಕಣ್ಣು ಅಂಚಿಗೆ ಹೋಯಿತು. ಪ್ರೂಫಿನ ಅಂಚಿನ ದಿಂಡು ಚಾಕುವಿನಿಂದ ಕತ್ತರಿಸಿದ ಹಾಗೆ ನೆಟ್ಟಗೆ, ಮೂಲೆ ಎದ್ದಂತೆ ಇರಬೇಕು. ಇದರ ದಿಂಡಿನ ಮೂಲೆ ಒಂಚೂರು ಗುಂಡಗಿತ್ತು. ಅಕ್ಷರಗಳನ್ನು ನೋಡಿದೆ. ಅವುಗಳ ಬದಿ ಗೋಡೆಯ ಹಾಗೆ ನಿಂತಿರಲಿಲ್ಲ, ನಾಣ್ಯದ ಸಮತಟ್ಟಾದ ಮೈಯಿಂದ ಇಳಿಜಾರಾಗಿ ಎದ್ದಿದ್ದವು. ಅಕ್ಷರದ ಹೊಟ್ಟೆಯೊಳಗೆ, ಮುಚ್ಚಿದ ಸುತ್ತುಗಳ ನಡುವೆ, ಕನ್ನಡಿ ಇರಲಿಲ್ಲ, ಮಂಕಾಗಿತ್ತು. ರಾಜನ ಕೆನ್ನೆಯ ಮೇಲೆ ಸಣ್ಣ ಸಣ್ಣ ಗೀಟುಗಳ ಒಂದು ಗುರುತು, ಇನ್ನೊಂದು ರೂಪಾಯಿಯ ಹಲ್ಲು ಹಲ್ಲಾದ ಅಂಚು ಬಂದು ತಾಗಿದಂತೆ. ಈ ಗುರುತು ಒಂದೇ ಆಗಿದ್ದರೆ ಆಮೇಲೆ ಯಾರ ಡಬ್ಬಿಯಲ್ಲೋ ಆಗಿದ್ದಿರಬಹುದು ಎನ್ನಬಹುದಿತ್ತು. ಎಲ್ಲ ಸೇರಿದಾಗ ಹಾಗೆ ಅನ್ನಲಾಗಲಿಲ್ಲ.

ಮೂವರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಮತ್ತೆ ಒಂದು ಸುತ್ತು ನೋಡಿದೆ, ತಪ್ಪು ನನ್ನ ಕಣ್ಣಿನದೇ ಇರಲಿ ಎಂದು ಆಸೆಪಟ್ಟೆ. ಹೂಂ ಅಂದುಬಿಟ್ಟರೆ ಎಲ್ಲರಿಗೂ ಸಂತೋಷ. ಕೊಡುವವನು ಮೋಸ ಮಾಡುತ್ತಿಲ್ಲ, ತೆಗೆದುಕೊಳ್ಳುವವರೇ ಇದು ಪ್ರೂಫ್ ಅನ್ನುತ್ತಿದ್ದಾರೆ. ಆದರೆ ಒಪ್ಪಿಗೆ ಕೇಳುತ್ತಿರುವುದು ನನ್ನನ್ನು.

"ಇದು ಪ್ರೂಫ್ ಅಲ್ಲ ಅನ್ಸುತ್ತೆ ಸಾರ್," ಎಂದೆ.

ಅಣ್ಣ ನಕ್ಕುಬಿಟ್ಟ. ನಾನು ನಗದಿದ್ದುದನ್ನು ಕಂಡು ಅವನ ನಗು ನಿಂತಿತು. ಹಿರಿಯರು ಏಕೆ ಎಂದು ಕೇಳಿದರು, ಹೇಳಿದೆ. ಅವರು ರೂಪಾಯಿಯನ್ನು ತಿರುಗಿ ನೋಡಲಿಲ್ಲ. ಆ ಕಾಲದ ಅಚ್ಚುಗಳೆಲ್ಲ ಈಗಿನಂತೆ ಇರುತ್ತಿರಲಿಲ್ಲ, ಪುಸ್ತಕ ಓದಿ ಹಾಗೆ ತೀರ್ಮಾನ ಮಾಡಬಾರದು ಎಂದು ಮೆತ್ತಗೆ ಹೇಳಿದರು. ದನಿ ಮೆತ್ತಗಿತ್ತು, ಕಿವಿ ಮಾತ್ರ ಕೆಂಪಾಗಿತ್ತು. ಕೊನೆಗೆ ಅವರೇ ದಾರಿ ತೋರಿಸಿದರು. ಅವರ ಪ್ರೂಫ್ ರೂಪಾಯಿ ಬ್ಯಾಂಕಿನ ಲಾಕರಿನಲ್ಲಿದೆ, ಅದೇ ರಾಜನದು. ತಂದು ಪಕ್ಕಪಕ್ಕದಲ್ಲಿಟ್ಟು ನೋಡೋಣ, ನಿಮ್ಮ ಮನೆಗೇ ತರುತ್ತೇನೆ ಎಂದರು.

ವಾಪಸು ಬರುವಾಗ ತಿಲಕ್ ನಗರದ ಹತ್ತಿರ ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಅಣ್ಣ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಮುಂದಿನ ಬಸ್ಸನ್ನೇ ನೋಡುತ್ತಿದ್ದ. ನಾನು ಮಾತು ತೆಗೆಯಲು ನೋಡಿದೆ. ಅವನು ರೇಡಿಯೊ ಹಾಕಿದ. ನಮ್ಮ ಮನೆಯ ಗೇಟಿನ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸದೆ ಹೇಳಿದ:

"ಅಪ್ಪ ಸುಳ್ಳು ಹೇಳಿದ್ರು ಅಂತ ಹೊರಗಿನೋರ ಮನೇಲಿ ಹೇಳ್ಬಿಟ್ಟೆ."

ನಾನು ಹಾಗೆ ಹೇಳಲಿಲ್ಲ ಎನ್ನುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು.

ಆಮೇಲಿನ ದಿನಗಳು ಕೆಟ್ಟವು. ಫೋನು ಮಾಡಿದರೆ ಅಣ್ಣ ಎತ್ತುತ್ತಿರಲಿಲ್ಲ. ಅತ್ತಿಗೆ ಎತ್ತಿ, ಅಂಗಡಿಯಲ್ಲಿದ್ದಾರೆ ಎನ್ನುತ್ತಿದ್ದರು. ಹಿಂದೆ ಅವನು ಕೆಮ್ಮುವುದು ನನಗೆ ಕೇಳುತ್ತಿತ್ತು. ಶಾಲೆಯಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತ ಬರೆಯುತ್ತ ಆ ಗುಂಡಗಿನ ಅಂಚು ಕಣ್ಣ ಮುಂದೆ ಬರುತ್ತಿತ್ತು. ನಿಜವಾಗಿಯೂ ಗುಂಡಗಿತ್ತೇ, ಬೆಳಕಿನ ಆಟವೇ? ಸಂಜೆ ಮನೆಗೆ ಬಂದವಳು ನನ್ನ ಹತ್ತಿರದ ನಾಣ್ಯಗಳನ್ನೆಲ್ಲ ಹರಡಿಕೊಂಡು ಕೂರುತ್ತಿದ್ದೆ. ಟಂಕಸಾಲೆಯಿಂದಲೇ ಮುಚ್ಚಿದ ಡಬ್ಬಿಯಲ್ಲಿ ಬಂದ ಈ ಕಾಲದ ಒಂದು ಪ್ರೂಫ್ ಸೆಟ್ಟು ನನ್ನಲ್ಲಿದೆ. ಅದನ್ನೂ ಸಾಧಾರಣ ಹೊಸ ನಾಣ್ಯಗಳನ್ನೂ ದೀಪದಡಿ ತಿರುಗಿಸಿ ನೋಡುತ್ತಿದ್ದೆ. ನಮ್ಮ ಯಜಮಾನರು ಒಂದು ಸಂಜೆ, "ನೀನು ಹೇಳಿದ್ದು ತಪ್ಪಾದ್ರೆ ತಪ್ಪು ಅಂತ ಒಪ್ಕೋ. ಸರಿಯಾದ್ರೆ ಸುಮ್ನಿರು. ಊಟ ಮಾಡು ಮೊದ್ಲು," ಎಂದರು. ನನಗೆ ಊಟ ಸೇರುತ್ತಿರಲಿಲ್ಲ.

ಹಿರಿಯರು ಹೇಳಿದಂತೆ ಹೆಂಡತಿಯ ಜೊತೆ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದರು. ಅಣ್ಣನೂ ಬಂದ. ನನ್ನನ್ನು ನೋಡದೆ ಚಪ್ಪಲಿ ಬಿಟ್ಟು, ನಮ್ಮ ಯಜಮಾನರನ್ನು ಮಾತ್ರ ಮಾತಾಡಿಸಿದ. ಊಟದ ಮೇಜನ್ನು ಕಿಟಕಿಯ ಕಡೆಗೆ ಎಳೆದು, ಕಪ್ಪು ಬಟ್ಟೆ ಹಾಸಿದ್ದೆ. ಹಿರಿಯರು ತಮ್ಮ ಲ್ಯಾಂಪನ್ನೂ ಚೀಲದಲ್ಲಿ ತಂದಿದ್ದರು. ಆನೆ ಕಾಸುಗಳ ಡಬ್ಬಿಯೂ ಅದರಲ್ಲೇ ಇತ್ತು. ಇವತ್ತು ವ್ಯವಹಾರ ಮುಗಿಯುತ್ತದೆ ಎಂದು ಅವರಿಗೆ ಖಾತ್ರಿಯಿತ್ತು.

ಎರಡು ರೂಪಾಯಿಗಳನ್ನೂ ಪಕ್ಕಪಕ್ಕ ಇಟ್ಟರು. ಮೊದಲು ಅವರದೇ ಪರೀಕ್ಷೆ: ಪತ್ರಿಕೆಯ ತುಂಡೊಂದನ್ನು ರೂಪಾಯಿಯ ಪಕ್ಕ ನೆಟ್ಟಗೆ ಹಿಡಿದು, ಅಕ್ಷರ ಎಷ್ಟು ದೂರದವರೆಗೆ ಅದರ ಮೈಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ ಎಂದು ನೋಡುವುದು. ನಮ್ಮದರಲ್ಲಿ ಕಂಡಷ್ಟೇ ಅವರದರಲ್ಲೂ ಕಂಡಿತು. ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲ. ಅಣ್ಣ ಕುರ್ಚಿಗೆ ಒರಗಿ ದೀರ್ಘವಾಗಿ ಉಸಿರುಬಿಟ್ಟ. ಆವತ್ತಿನಿಂದ ಮೊದಲ ಸಲ ನನ್ನ ಮುಖ ನೋಡಿದ.

"ಈಗ ಹೇಳು."

ನಾನು ಭೂತಗನ್ನಡಿ ತೆಗೆದುಕೊಂಡು ಹಿರಿಯರ ರೂಪಾಯಿಯ ಅಂಚು ನೋಡಿದೆ. ಅದೂ ಗುಂಡಗಿತ್ತು. ಅಕ್ಷರಗಳ ಹೊಟ್ಟೆಯೊಳಗೆ ಅದೇ ಮಂಕು. ರಾಜನ ಕತ್ತಿನ ಹತ್ತಿರ ಅದೇ ಬಗೆಯ ಸಣ್ಣ ಗೀಟುಗಳು. ನಮ್ಮ ರೂಪಾಯಿಯನ್ನು ಮತ್ತೆ ನೋಡಿದೆ, ಅವರದನ್ನು ಮತ್ತೆ ನೋಡಿದೆ. ಒಂದೇ ಮನೆಯ ಅಕ್ಕತಂಗಿಯರ ಹಾಗಿದ್ದವು.

"ಎರಡೂ ಒಂದೇ ಥರ ಇವೆ," ಎಂದೆ. ಅದು ಸುಳ್ಳಲ್ಲ.

ಹಿರಿಯರ ಹೆಂಡತಿ ಸಂತೋಷದಿಂದ ಮಾತಿಗೆ ತೊಡಗಿದರು. ಇವರು ಕಲ್ಕತ್ತೆಯಲ್ಲಿ ಕೆಲಸದಲ್ಲಿದ್ದಾಗ ಅದಕ್ಕಾಗಿ ಎಷ್ಟು ಅಲೆದರು, ಸಿಕ್ಕ ದಿನ ಮನೆಗೆ ಬಂದು ಮಗುವಿನ ಹಾಗೆ ಕೈಯಲ್ಲಿಟ್ಟುಕೊಂಡು ಕೂತಿದ್ದರು, ನನಗಿಂತ ಅದರ ಮೇಲೇ ಇವರಿಗೆ ಜೀವ ಎಂದು ನಗುತ್ತ ಹೇಳಿದರು. ಅಣ್ಣನೂ ನಕ್ಕ. ನಮ್ಮ ಯಜಮಾನರು ಕಾಫಿ ಲೋಟಗಳನ್ನು ತಂದಿಟ್ಟರು. ಹಿರಿಯರು ಆನೆ ಕಾಸುಗಳ ಡಬ್ಬಿಯ ಮುಚ್ಚಳ ತೆಗೆದರು. ಅಣ್ಣ ಮುಂದಕ್ಕೆ ಬಾಗಿದ. ನಾನು ಸುಮ್ಮನೆ ಕೂತಿದ್ದೆ. ಒಂದು ನಿಮಿಷ ಹೀಗೇ ಕೂತರೆ ಡಬ್ಬಿ ಆ ಕಡೆಯಿಂದ ಈ ಕಡೆಗೆ ಬರುತ್ತದೆ, ಅಣ್ಣ ನನ್ನ ಜೊತೆ ಮೊದಲಿನ ಹಾಗಾಗುತ್ತಾನೆ.

ಹಿರಿಯರ ಕೈ ಡಬ್ಬಿಯ ಮೇಲೇ ನಿಂತಿತು. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ನೀವಿನ್ನೂ ಹೂಂ ಅಂದಿಲ್ಲಮ್ಮ."

ನಾನು ಭೂತಗನ್ನಡಿಯನ್ನು ಕಪ್ಪು ಬಟ್ಟೆಯ ಮೇಲಿಟ್ಟೆ.

"ಒಂದೇ ಥರ ಇವೆ ಅಂದ್ರಿ. ಎರಡೂ ಪ್ರೂಫ್ ಅನ್ಲಿಲ್ಲ."

ಅಣ್ಣ ಬೇಡ ಎನ್ನುವಂತೆ ಸಣ್ಣಗೆ ತಲೆ ಅಲ್ಲಾಡಿಸಿದ. ನಾನು ನೋಡಿದೆ. ಆದರೂ ಆ ಮನುಷ್ಯ ನೇರವಾಗಿ ಕೇಳಿದ ಮೇಲೆ ಬೇರೆ ದಾರಿ ಉಳಿಯಲಿಲ್ಲ. "ನಿಮ್ಮದೂ ಪ್ರೂಫ್ ಅಲ್ಲ ಸಾರ್, ನಂಗೆ ಹಾಗನ್ಸುತ್ತೆ," ಎಂದೆ.

ಅವರ ಹೆಂಡತಿ ಎತ್ತಿದ ಲೋಟವನ್ನು ಕೆಳಗಿಟ್ಟರು. ಅಣ್ಣ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಹಿರಿಯರು ಮಾತ್ರ ಕದಲಲಿಲ್ಲ. ತೋರಿಸಿ ಎಂದರು. ನಾನು ನನ್ನ ಪ್ರೂಫ್ ಸೆಟ್ಟನ್ನು ತಂದು ಪಕ್ಕದಲ್ಲಿಟ್ಟೆ. ಇದು ಈ ಕಾಲದ್ದು, ಯಂತ್ರ ಬೇರೆ, ಲೋಹ ಬೇರೆ, ಹಾಗಾಗಿ ಇದನ್ನೇ ಅಳತೆಗೋಲು ಮಾಡಲಾಗದು ಎಂದು ಮೊದಲೇ ಹೇಳಿದೆ. ಆದರೆ ಅಂಚು ನೆಟ್ಟಗೆ ನಿಲ್ಲುವುದೆಂದರೆ ಏನು, ಅಕ್ಷರದ ಸಂದಿಯೊಳಗೂ ಕನ್ನಡಿ ಇರುವುದೆಂದರೆ ಏನು ಎನ್ನುವುದು ಅದರಲ್ಲಿ ಕಾಣುತ್ತದೆ. ಒಂದೊಂದಾಗಿ ತೋರಿಸಿದೆ. ನನ್ನ ದನಿ ಪಾಠ ಹೇಳುವ ದನಿಯಾಗುತ್ತಿದೆ ಎಂದು ನನಗೇ ತಿಳಿದು ನಾಚಿಕೆಯಾಯಿತು, ನಿಲ್ಲಿಸಿದೆ.

ಹಿರಿಯರು ತಮ್ಮ ಭೂತಗನ್ನಡಿಯನ್ನು ಜೇಬಿನಿಂದ ತೆಗೆದರು. ದೀಪವನ್ನು ಸ್ವಲ್ಪ ತಗ್ಗಿಸಲು ಹೇಳಿದರು, ತಗ್ಗಿಸಿದೆ. ಕೆಳಗೆ ತರಕಾರಿ ಗಾಡಿಯವನ ಮೈಕು ಕೂಗುತ್ತ ಬಂದು, ಕೂಗುತ್ತ ಹೋಯಿತು. ಅವರು ತಮ್ಮ ರೂಪಾಯಿಯನ್ನು ನೋಡಿದರು, ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. ಇಷ್ಟು ಹೊತ್ತು ನೋಡುತ್ತಿದ್ದಾರೆಂದರೆ ಅವರಿಗೂ ಕಂಡಿರಬೇಕು ಎಂದು ನನಗನ್ನಿಸಿತು. ಅದರಿಂದ ಸಮಾಧಾನವಾಗಲಿಲ್ಲ, ಭಯ ಹೆಚ್ಚಾಯಿತು. ಅವರ ವಯಸ್ಸಿನವರು, ನಮ್ಮ ಮನೆಯಲ್ಲಿ, ನನ್ನ ಮಾತಿಂದ ಏನಾದರೂ ಆಗಿಬಿಟ್ಟರೆ? ಅವರ ಹೆಂಡತಿ, "ಸಾಕು ಬನ್ನಿ, ಹೋಗೋಣ," ಎಂದರು.

ಅವರು ರೂಪಾಯಿಯನ್ನು ಡಬ್ಬಿಗೆ ಹಾಕಿ, ಕಾಸುಗಳ ಡಬ್ಬಿಯನ್ನೂ ಮುಚ್ಚಿ, ಲ್ಯಾಂಪಿನ ವೈರು ಸುತ್ತಿಕೊಂಡರು. ನನಗೆ ಸ್ವಲ್ಪ ಸಮಯ ಬೇಕು ಎಂದಷ್ಟೇ ಹೇಳಿ ಮೆಟ್ಟಿಲಿಳಿದರು. ಹಿಂದೆಯೇ ಅಣ್ಣ ಹೊರಟ. ಬಾಗಿಲ ಬಳಿ ನಿಂತು, "ನನ್ನದು ಕೆಡಿಸಿದ್ದು ಸಾಲ್ದಾಗಿತ್ತು ನಿಂಗೆ," ಎಂದ.

ಮಳೆಗಾಲ ಬಂತು. ಹಿರಿಯರಿಂದ ಸುದ್ದಿಯಿಲ್ಲ. ನಾನಾಗಿ ಫೋನು ಮಾಡಲು ಧೈರ್ಯವಾಗಲಿಲ್ಲ. ನಾಣ್ಯದ ಗೆಳೆಯರ ಸಭೆಗೂ ಹೋಗುವುದನ್ನು ಬಿಟ್ಟೆ. ಎಲ್ಲರೂ ನನ್ನ ಬಗ್ಗೆಯೇ ಮಾತಾಡಿಕೊಳ್ಳುತ್ತಿದ್ದಾರೆ ಎಂದು ಅನುಮಾನ. ಆಗಾಗ, ನನ್ನದೇ ತಪ್ಪೆಂದು ಯಾರಾದರೂ ತೋರಿಸಿಕೊಟ್ಟರೆ ಎಷ್ಟು ಚೆನ್ನ ಎಂದೂ ಅನ್ನಿಸುತ್ತಿತ್ತು.

ಒಂದು ಸಂಜೆ ಜಯನಗರದ ಕಾಂಪ್ಲೆಕ್ಸಿನಲ್ಲಿ ಹೂವು ಕೊಳ್ಳುತ್ತಿದ್ದಾಗ ಅವರ ಫೋನು ಬಂತು. ಗದ್ದಲದಲ್ಲಿ ಕೇಳದೆ ಒಂದು ಅಂಗಡಿಯ ಪಕ್ಕಕ್ಕೆ ಸರಿದು ನಿಂತೆ. ಅವರು ಮೈಸೂರಿಗೆ ಹೋಗಿದ್ದರಂತೆ. ಅಲ್ಲೊಬ್ಬ ಹಳೆಯ ಸಂಗ್ರಾಹಕರ ಹತ್ತಿರ ಅದೇ ರಾಜನ, ಎಲ್ಲರೂ ಒಪ್ಪಿದ ಪ್ರೂಫ್ ರೂಪಾಯಿ ಇತ್ತು. ಅದರ ಪಕ್ಕದಲ್ಲಿ ತಮ್ಮದನ್ನು ಇಟ್ಟ ಕೂಡಲೇ ತಿಳಿಯಿತು, ಭೂತಗನ್ನಡಿಯೂ ಬೇಕಾಗಲಿಲ್ಲ ಎಂದರು.

"ಇಷ್ಟು ವರ್ಷ ನಾನು ಹೊಳಪನ್ನೇ ನೋಡ್ತಾ ಕೂತಿದ್ದೆ ಕಣಮ್ಮ. ಅಂಚು ನೋಡ್ಲೇ ಇಲ್ಲ," ಎಂದರು. ಆಮೇಲೆ, ತಾನು ಅದನ್ನೇ ತೋರಿಸಿ ಎಷ್ಟೋ ಜನಕ್ಕೆ ತಪ್ಪು ಹೇಳಿಕೊಟ್ಟಿದ್ದೇನೆ, ಮುಂದಿನ ಸಭೆಯಲ್ಲಿ ಸರಿಮಾಡಬೇಕು, ನೀವೂ ಬನ್ನಿ ಎಂದರು. ನನ್ನಣ್ಣನಿಗೂ ಆಗಲೇ ತಿಳಿಸಿದ್ದರು. ರಾತ್ರಿ ನಿದ್ದೆ ಬರ್ತಿಲ್ಲ, ಆ ರೂಪಾಯಿಯನ್ನು ಲಾಕರಿಗೆ ಇಡೋಕೆ ಮನಸ್ಸಿಲ್ಲ, ಹೊರಗಿಡೋಕೂ ಮನಸ್ಸಿಲ್ಲ ಎಂದು ಕೊನೆಯಲ್ಲಿ ಹೇಳಿದರು. ಹೂವಿನವಳು ಕರೆದದ್ದು ಆಮೇಲೆ ಕೇಳಿಸಿತು.

ಅಣ್ಣ ಮಾತ್ರ ಫೋನು ಮಾಡಲಿಲ್ಲ. ಗೌರಿ ಹಬ್ಬ ಹತ್ತಿರವಾಯಿತು. ಅಪ್ಪ ಹೋದ ಮೇಲೆ ಪ್ರತಿ ವರ್ಷವೂ ತವರಿನ ಬಾಗಿನವನ್ನು ಅವನೇ ತಂದು ಕೊಡುವುದು. ಈ ಸಲ ತರುತ್ತಾನೋ, ಅತ್ತಿಗೆಯ ಕೈಲಿ ಕಳಿಸುತ್ತಾನೋ, ಅದೂ ಇಲ್ಲವೋ. ಹಬ್ಬದ ಬೆಳಿಗ್ಗೆ ಪೂಜೆ ಮುಗಿಸಿ, ಹೋಳಿಗೆ ಬೇಯಿಸುತ್ತ, ಗೇಟಿನ ಸದ್ದಾದಾಗಲೆಲ್ಲ ಕಿಟಕಿಗೆ ಹೋಗಿ ಬರುತ್ತಿದ್ದೆ. ಒಂದು ಸಲ ಕೊರಿಯರಿನವನು, ಒಂದು ಸಲ ಪಕ್ಕದ ಮನೆಯವರ ನೆಂಟರು. ಒಲೆಯ ಮೇಲಿನ ಹೋಳಿಗೆ ಸೀದಿತು. ನಮ್ಮ ಯಜಮಾನರು ಬಂದು ಸಟ್ಟುಗ ಕಿತ್ತುಕೊಂಡರು.

ಅಣ್ಣ ಬಂದಾಗ ಬಾಗಿಲು ತೆರೆದೇ ಇತ್ತು. ಮೊರದ ಬಾಗಿನ ಕೈಯಲ್ಲಿತ್ತು. ಕೊಟ್ಟ, ನಾನು ತೆಗೆದುಕೊಂಡು ಕಾಲಿಗೆ ನಮಸ್ಕಾರ ಮಾಡಿದೆ. ಕೂತು, ಬಾಡಿಗೆಯವರು ನೀರಿಗಾಗಿ ಜಗಳವಾಡುವುದನ್ನು ಹೇಳಿದ. ತಟ್ಟೆಯಲ್ಲಿದ್ದುದನ್ನು ಮುಗಿಸಿ ಕೈ ತೊಳೆದು ಬಂದವನು, ನಿಂತೇ ಕೇಳಿದ:

"ಅಪ್ಪಂಗೆ ಗೊತ್ತಿತ್ತು ಅಂತೀಯಾ?"

ಗೊತ್ತಿರಲು ಸಾಧ್ಯವೇ ಇಲ್ಲ ಎಂದೆ. ಅಪ್ಪ ಅಂಥ ಇನ್ನೊಂದನ್ನು ಜೀವನದಲ್ಲಿ ನೋಡಿದವರಲ್ಲ. ಆ ದೊರೆಯೂ ಹೊಳಪು ನೋಡಿಯೇ ಹಾಗೆ ನಂಬಿದ್ದನೋ ಏನೋ. ಅಷ್ಟು ದೊಡ್ಡ ಇಂಜಿನಿಯರೇ ನಂಬಿದ್ದರಲ್ಲ. ಅಣ್ಣ ಅದನ್ನು ಯೋಚಿಸುತ್ತ ಕೂತ. ಆಮೇಲೆ, ತನಗೆ ಕೋಪ ಬಂದದ್ದು ಪ್ರೂಫ್ ಅಲ್ಲ ಎಂದದ್ದಕ್ಕಲ್ಲ, ಬೇರೆಯವರ ಎದುರಿಗೆ ಹೇಳಿದ್ದಕ್ಕೆ ಎಂದ. ಮನೆಯಲ್ಲಿ ಹೇಳಬಹುದಿತ್ತಲ್ಲ ಎಂದ.

"ಮನೇಲಿ ಯಾವತ್ತು ಕೈಗೆ ಕೊಟ್ಟಿದ್ರಿ ಅದನ್ನ?" ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಅವತ್ತೇ ನಾನು ಮೊದಲ್ನೇ ಸಲ ಅದನ್ನ ಮುಟ್ಟಿದ್ದು ಅಣ್ಣ."

ಅವನಿಗೆ ಇದು ಹೊಳೆದಿರಲಿಲ್ಲವೆಂದು ಕಾಣುತ್ತದೆ. ಅವನ ಫೋನು ಬಡಿದುಕೊಂಡಿತು, ನೀರಿನ ಟ್ಯಾಂಕರಿನವನು ಜರಗನಹಳ್ಳಿಯಲ್ಲಿ ಬಂದು ನಿಂತಿದ್ದಾನಂತೆ. ಎದ್ದು ಹೊರಟ. ಬಿಟಿಎಂನ ಹಿರಿಯರು ಆನೆ ಕಾಸುಗಳಿಗೆ ಆ ರೂಪಾಯಿ ಬಿಟ್ಟು ಬೇರೇನಾದರೂ ಕೊಡಿ, ಒಂದಿನ ಬನ್ನಿ ಎಂದಿದ್ದಾರೆ ಎಂದು ಚಪ್ಪಲಿ ಮೆಟ್ಟುತ್ತ ಹೇಳಿದ. ಏನು ಒಯ್ಯಬೇಕೆಂದು ಇನ್ನೂ ಗೊತ್ತಿಲ್ಲ, ಶನಿವಾರ ಮನೆಗೆ ಬಂದು ಅಪ್ಪನ ನಾಣ್ಯದ ಡಬ್ಬಿಯೆಲ್ಲ ತೆಗೆದು ನೋಡಿಕೊಡು ಎಂದ. ಶನಿವಾರ ನನಗೆ ಅರ್ಧ ದಿನ ಶಾಲೆ, ಮಧ್ಯಾಹ್ನ ಬರುತ್ತೇನೆ ಎಂದೆ.